ಸುದ್ದಿಯಣ್ಣನ ಕೊನೆಯ ದನಿ

ಮಾರ್ಚ್ 2

ಪ್ರೀತಿಯ ಕಂಚು ಮಾಮ,

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಯಾರೋ ಎತ್ತಿದರು, ಸುಮ್ಮನಿದ್ದರು, ಇಟ್ಟರು. ನಿಮ್ಮ ಮನೆಯಲ್ಲಿ ನಿಮ್ಮನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆ ಇಲ್ಲವೆಂದು ಕೆಳಗಿನ ಅಂಗಡಿಯ ಟೈಲರ್ ಹೇಳಿದ. ಹಾಗಾಗಿ ಈ ಕಾಗದ. ಕಾಗದವನ್ನಾದರೂ ಎತ್ತಿ ಕೆಳಗಿಡದೆ ಓದುತ್ತೀರಿ ಎಂದುಕೊಂಡಿದ್ದೇನೆ.

ಅಪ್ಪನ ಹೆಸರಿನ ಸ್ಮಾರಕ ಉಪನ್ಯಾಸ ಈ ಅಕ್ಟೋಬರ್ ಹತ್ತೊಂಬತ್ತಕ್ಕೆ ಹನ್ನೆರಡನೆಯದು. ಟೆಲಿವಿಷನ್ನು, ಪ್ರಸಾರ, ಅದರ ಹಿಂದುಮುಂದು ಬಲ್ಲವರನ್ನು ಕರೆದು ವರ್ಷಕ್ಕೊಂದು ಸಂಜೆ ಮಾತಾಡಿಸುತ್ತೇವೆ. ನಿಮಗೆ ಗೊತ್ತಿಲ್ಲದ್ದೇನಲ್ಲ, ಹನ್ನೊಂದು ವರ್ಷವೂ ಆಮಂತ್ರಣ ಕಳಿಸಿದ್ದು ನಾನೇ, ಬಾರದೆ ಉಳಿದದ್ದು ನೀವೇ. ಬಂದ ಮಹನೀಯರ ಕತೆ ಕೇಳಿ: ಒಬ್ಬರು ಉಪಗ್ರಹದ ಬಗ್ಗೆ ಶುರುಮಾಡಿ ತಮ್ಮ ಬೀಗರ ಮನೆಗೆ ಇಳಿದರು. ಕಳೆದ ವರ್ಷದವರು ಎಷ್ಟು ಮೆಲ್ಲಗೆ ಮಾತಾಡಿದರೆಂದರೆ, ಪ್ರಸಾರದ ಬಗ್ಗೆ ಮಾತಾಡಲು ಬಂದವರ ಮಾತೇ ಎರಡನೆಯ ಸಾಲಿಗೆ ಪ್ರಸಾರವಾಗಲಿಲ್ಲ.

ಈ ಸಲ ನೀವು. ಟಿವಿ ಕೇಂದ್ರದಲ್ಲಿ ಸುದ್ದಿ ಓದುತ್ತಿದ್ದ ಅಪ್ಪನ ಪಕ್ಕದ ಮೇಜಿನಲ್ಲಿ ಹದಿನೆಂಟು ವರ್ಷ ಕೂತ ಬದಲಿ ಉದ್ಘೋಷಕರು. ನಾಟಕ ಕಂಪನಿಯಿಂದ ಎದ್ದು ಬಂದ ಕಂಚಿನ ಕಂಠ. ವಿಷಯವನ್ನು ಸಮಿತಿಯೇ ಆರಿಸಿದೆ: ‘ದನಿ ಮತ್ತು ನಂಬಿಕೆ’. ಎಂದಿನಂತೆ ಮೊದಲು ದೀಪ ಆರಿಸಿ ಅಪ್ಪನ ಕೊನೆಯ ಪ್ರಸಾರದ ನಾಲ್ಕು ನಿಮಿಷ ಕೇಳಿಸುತ್ತೇವೆ. ಆಮೇಲೆ ನೀವು.

ಇಲ್ಲ ಎನ್ನಬೇಡಿ ಮಾಮ. ಅಮ್ಮನೂ ಆ ಸಭೆಗೆ ಒಮ್ಮೆಯೂ ಬಂದಿಲ್ಲ, ನೀವೂ ಬಂದಿಲ್ಲ. ಅಪ್ಪನನ್ನು ನಿಜವಾಗಿ ಬಲ್ಲವರು ಯಾರೂ ಇಲ್ಲದ ಕಡೆ ವರ್ಷ ವರ್ಷ ಅವರನ್ನು ಹೊಗಳಿ ಕಳಿಸುತ್ತಿದ್ದೇವೆ.

ನಿಮ್ಮ,
ಪುಟ್ಟಿ
(ಕಾರ್ಯದರ್ಶಿ, ಸುದ್ದಿಯಣ್ಣ ಸ್ಮಾರಕ ಉಪನ್ಯಾಸ ಸಮಿತಿ)


ಮಾರ್ಚ್ 19

ಕಾರ್ಯದರ್ಶಿ ಮಹಾಶಯರಿಗೆ, ಅಂದರೆ ನನ್ನ ಮಡಿಲಲ್ಲಿ ಕೂತು ನನ್ನದೇ ಮೀಸೆ ಎಳೆದ ಪುಟ್ಟಿಗೆ,

ಕೇಳು ಮಗಳೇ. ನಮ್ಮ ಕಂಪನಿಯಲ್ಲಿ ಒಬ್ಬ ರಾಜಪಾರ್ಟಿನವನಿದ್ದ. ಆಳು ಆರಡಿ, ದನಿ ಗುಡುಗು. ಅವನು ಸಿಂಹಾಸನದಿಂದ ಎದ್ದರೆ ಮುಂದಿನ ಸಾಲಿನ ಮಕ್ಕಳು ತಾಯಂದಿರ ಸೆರಗು ಹಿಡಿಯುತ್ತಿದ್ದವು. ಒಂದು ದಿನ ವೇಷ ಕಟ್ಟಿ, ಕಿರೀಟ ಇಟ್ಟು, ಪರದೆ ಏಳುವುದಕ್ಕೆ ಎರಡು ನಿಮಿಷ ಇರುವಾಗ ಮನುಷ್ಯ ಹಿಂದಿನ ಬಾಗಿಲಿಂದ ನಾಪತ್ತೆ. ಕಿರೀಟದ ಸಮೇತ. ಮರುದಿನ ಬಸ್ ನಿಲ್ದಾಣದಲ್ಲಿ ಸಿಕ್ಕ. ಯಾಕಪ್ಪಾ ಅಂದರೆ, “ಎದುರುಗಡೆ ನಾನು ಸಾಯಿಸಿದವನ ಹೆಂಡತಿ ಕೂತಿದ್ದಳು” ಅಂದ. ಅವನು ಸಾಯಿಸಿದ್ದು ನಾಟಕದಲ್ಲಿ. ಹೆಂಡತಿ ಎಂದರೆ ಎದುರಾಳಿ ಪಾತ್ರಧಾರಿಯ ಹೆಂಡತಿ. ಆ ಬಡಪಾಯಿ ನಾಟಕ ನೋಡಲು ಬಂದಿದ್ದಳು, ಅಷ್ಟೇ. ಆದರೂ ಇವನಿಗೆ ಕಾಲು ಬರಲಿಲ್ಲ.

ನಾನೂ ಆ ಜಾತಿಯವನೇ. ವೇದಿಕೆ ಎಂದರೆ ಈಗ ಕಾಲು ಬರುವುದಿಲ್ಲ. ಟೈಲರ್ ಅಂಗಡಿಯ ಮೇಲಿನ ಈ ಒಂಟಿ ಕೋಣೆ, ಕಿಟಕಿಯ ಹೊರಗೆ ನೀರಿನ ಟ್ಯಾಂಕು, ಕೆಳಗೆ ದಿನವಿಡೀ ಹೊಲಿಗೆ ಯಂತ್ರದ ಕಟಕಟ. ಅದೇ ನನ್ನ ಹಿಮ್ಮೇಳ. ಉಪನ್ಯಾಸಕ್ಕೆ ಯಾರಾದರೂ ಕೋಟಿನವರನ್ನು ಕರೆ. ಬೀಗರ ಮನೆಗೆ ಇಳಿದರೂ ಪರವಾಗಿಲ್ಲ.

ಒಂದು ಮಾತು ನಡೆಸಿಕೊಡು. ಈ ವರ್ಷದಿಂದ ಆ ಟೇಪು ಕೇಳಿಸುವುದನ್ನು ನಿಲ್ಲಿಸು. ಹನ್ನೊಂದು ಸಲ ಸಾಕು. ಸತ್ತವರನ್ನು ವರ್ಷಕ್ಕೊಮ್ಮೆ ಎಬ್ಬಿಸಿ ಕೂರಿಸುವುದು ಒಳ್ಳೆಯದಲ್ಲ.

ನಿಮ್ಮಮ್ಮನಿಗೆ ನಾನು ಕೇಳಿದೆ ಎಂದು ಹೇಳು. ಬೇಡ, ಹೇಳಬೇಡ.

ಆಶೀರ್ವಾದಗಳೊಂದಿಗೆ,
ಕಂಚು


ಏಪ್ರಿಲ್ 4

ಮಾಮ,

ನೀವು ಬಾರದಿದ್ದರೆ ಬಿಡಿ. ಆದರೆ ಟೇಪಿನ ವಿಷಯ ಬರೆದಿರಲ್ಲ, ಅದು ನನ್ನ ಎದೆಗೆ ತಗುಲಿ ಹದಿನೈದು ದಿನವಾಯಿತು. ಹೋಗುತ್ತಿಲ್ಲ.

ಅಪ್ಪ ತೀರಿಕೊಂಡ ಆ ಮಧ್ಯಾಹ್ನ ನಿಮಗೆ ಕೇಂದ್ರದ ಒಳಗಿನಿಂದ ಗೊತ್ತು. ನನಗೆ ನಮ್ಮ ಮನೆಯಿಂದ ಗೊತ್ತು. ಆ ವಾರ ಎರಡು ಸಲ ಜಲಾಶಯ ಒಡೆಯಿತೆಂದು ಗುಲ್ಲೆದ್ದಿತ್ತು. ಎರಡು ಸಲವೂ ತಗ್ಗಿನ ಮೂರು ಬೀದಿ ದಿಕ್ಕಾಪಾಲಾಗಿ ಓಡಿತ್ತು. ಎರಡು ಸಲವೂ ಅಪ್ಪ ತೆರೆಯ ಮೇಲೆ ಬಂದು, “ಸುದ್ದಿ ಸುಳ್ಳು, ಮನೆಯಲ್ಲೇ ಇರಿ” ಎಂದು ಓದಿದ್ದರು. ಜನ ನಾಚಿಕೊಂಡು ವಾಪಸಾಗಿದ್ದರು. ಮೂರನೆಯ ಸಲ ಯಾರು ಕೂಗಿದರೂ ಯಾರೂ ಏಳಲಿಲ್ಲ. ಪೊಲೀಸ್ ಜೀಪು ಕೂಗಿಕೊಂಡು ಹೋದಾಗ ಪಕ್ಕದ ಮನೆಯವರು, “ಸುದ್ದಿಯಣ್ಣ ಹೇಳ್ಲಿ, ಆಮೇಲೆ ನೋಡೋಣ” ಎಂದು ಬಟ್ಟೆ ಒಣಹಾಕುತ್ತಿದ್ದರು.

ಹನ್ನೆರಡು ಗಂಟೆಗೆ ಟಿವಿಯಲ್ಲಿ ಚಿತ್ರ ಹೋಗಿ ‘ತಡೆಗಾಗಿ ಕ್ಷಮಿಸಿ’ ಎಂಬ ಫಲಕ ಬಂತು. ಅದರ ಹಿಂದಿನಿಂದ ಅಪ್ಪನ ದನಿ. “ಈ ಸಲ ಸುದ್ದಿ ನಿಜ. ದಯವಿಟ್ಟು ಏಳಿ.” ಪಕ್ಕದ ಮನೆಯವರ ಕೈಯಿಂದ ಬಟ್ಟೆ ಬಿದ್ದದ್ದನ್ನು ನಾನು ನೋಡಿದೆ. ಆಮೇಲೆ ಬೀದಿ ಬೀದಿಯ ದಾರಿ ಹೇಳುತ್ತಾ, ನಮ್ಮ ಬೀದಿಗೆ ಬಂದಾಗ ಯಾರೂ ಬರೆದುಕೊಡದ ಒಂದು ಸಾಲು ಹೇಳಿದರು: “ಮಗಳೇ, ಅಮ್ಮನ ಕೈ ಬಿಡಬೇಡ.” ಇಡೀ ಊರಿನ ಮುಂದೆ ನನಗೆ. ಬಿಡಲಿಲ್ಲ ನಾನು. ಸೇತುವೆ ದಾಟುವವರೆಗೂ, ಆಮೇಲೆ ಈ ಹನ್ನೆರಡು ವರ್ಷವೂ.

ಕೇಂದ್ರದವರು ಹಳೆಯ ಟೇಪುಗಳ ಮೇಲೆ ಹೊಸದನ್ನು ಮುದ್ರಿಸಿ ಮುದ್ರಿಸಿ ಅಪ್ಪನ ಉಳಿದ ದನಿಯನ್ನೆಲ್ಲ ಅಳಿಸಿಬಿಟ್ಟಿದ್ದಾರೆ. ಅವರ ಇಪ್ಪತ್ತು ವರ್ಷದ ಓದಿನಲ್ಲಿ ಉಳಿದದ್ದು ಇದೊಂದೇ. ಇದನ್ನು ನಿಲ್ಲಿಸು ಎನ್ನುತ್ತೀರಾ?

ಇನ್ನೊಂದನ್ನು ಕೇಳುವುದಿದೆ. ಕಿವಿಯ ಆಸ್ಪತ್ರೆಯಲ್ಲಿ ನನ್ನದು ದಿನವೂ ಸದ್ದು ಅಳೆಯುವ ಕೆಲಸ. ಹೋದ ತಿಂಗಳು ಟೇಪಿನ ಗೊರಗೊರ ತೆಗೆಸಿದೆ. ದನಿ ಸ್ವಚ್ಛವಾದ ಮೇಲೆ ಒಂದು ಹೊಸದು ಕೇಳಿಸಿತು. ಪ್ರತಿ ವಾಕ್ಯದ ಮುಂದೆ ಒಂದು ಉಸಿರು. ದೊಡ್ಡದು, ಎದೆ ತುಂಬ ಎಳೆದದ್ದು. ಅಪ್ಪ ಹಾಗೆ ಓದುತ್ತಿರಲಿಲ್ಲ. ಅವರು ಉಸಿರಾಡುತ್ತಾರೆಯೇ ಎಂದು ನಾವೇ ತಮಾಷೆ ಮಾಡುತ್ತಿದ್ದೆವು. ಅವರ ಪ್ರಾಣ ತೆಗೆದ ಎದೆನೋವು ಆಗಲೇ ಶುರುವಾಗಿತ್ತೇ ಮಾಮ? ನೋವು ನುಂಗಿಕೊಂಡು ನಲವತ್ತೆಂಟು ನಿಮಿಷ ಓದಿದರೇ? ನೀವು ಪಕ್ಕದಲ್ಲಿದ್ದಿರಿ. ಅಷ್ಟನ್ನು ಹೇಳಿ, ಸಾಕು. ಉಪನ್ಯಾಸ ಬೇಡ.

ಪುಟ್ಟಿ


ಜೂನ್ 26

ಪುಟ್ಟಿ,

ನಿನ್ನ ಕಾಗದ ಮೇಜಿನ ಮೇಲೆ ಎರಡೂವರೆ ತಿಂಗಳಿಂದ ಇದೆ. ಅದರ ಮೇಲೆ ಲೋಟ ಇಟ್ಟಿದ್ದೇನೆ, ಕನ್ನಡಕ ಇಟ್ಟಿದ್ದೇನೆ, ಪೇಪರು ಹಾಸಿದ್ದೇನೆ. ಆದರೂ ಅದು ತನ್ನಷ್ಟಕ್ಕೇ ಗಟ್ಟಿಯಾಗಿ ಓದುತ್ತಲೇ ಇರುತ್ತದೆ.

ಉಸಿರಿನ ವಿಷಯ ಬರೆಯುತ್ತೇನೆ. ಇನ್ನು ಸ್ವಲ್ಪ ದಿನ ಕೊಡು. ಅಲ್ಲಿಯವರೆಗೆ ಆ ಟೇಪನ್ನು ಕೇಳಬೇಡ.

ಕಂಚು


ಜುಲೈ 11

ಮಗಳೇ,

ಬಾಗಿಲು ಹಾಕಿಕೊಂಡು ಓದು. ಕೂತು ಓದು.

ಆ ಉಸಿರು ನನ್ನದು.

ಪರದೆ ಎದ್ದಾಯಿತು, ಇನ್ನು ಓಡಿಹೋಗಲು ಹಿಂದಿನ ಬಾಗಿಲಿಲ್ಲ. ಹಾಗಾಗಿ ಎಲ್ಲವನ್ನೂ ಹೇಳುತ್ತೇನೆ. ಆವತ್ತು ಹನ್ನೊಂದೂವರೆಗೆ ನಿಮ್ಮಪ್ಪ ಮೇಕಪ್ ಕೋಣೆಯಲ್ಲಿ ಕುರ್ಚಿಯಿಂದ ಜಾರಿದ. ಮುಖಕ್ಕೆ ಅರ್ಧ ಪೌಡರ್ ಆಗಿತ್ತು. ನಾವೆಲ್ಲ ಬಣ್ಣದಕ್ಕ ಎನ್ನುತ್ತಿದ್ದ ಮೇಕಪ್ಪಿನಾಕೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಫೋನ್ ತಿರುಗಿಸಿ ಆಂಬುಲೆನ್ಸಿಗೆ ಹೇಳಿದಳು. ಅದೇ ಹೊತ್ತಿಗೆ ಜಲಾಶಯದಿಂದ ಕರೆ ಬಂತು. ಗೋಡೆ ಬಿರಿದಿದೆ, ಮಧ್ಯಾಹ್ನ ಒಂದು ಗಂಟೆ, ಹೆಚ್ಚೆಂದರೆ ಒಂದೂಕಾಲಿಗೆ ನೀರು ಊರಲ್ಲಿ. ಸ್ಟುಡಿಯೋದ ಸೂರು ಸೋರಿ ಕ್ಯಾಮೆರಾ ಎರಡೂ ಸತ್ತಿದ್ದವು. ಉಳಿದದ್ದು ಉದ್ಘೋಷಣೆಯ ಗೂಡು, ಒಂದು ಮೈಕು.

ಕೇಂದ್ರದ ಸಾಹೇಬರು ನನ್ನ ತೋಳು ಹಿಡಿದರು. “ನೀನು ಕ್ಯಾಂಟೀನಲ್ಲಿ ಅವರ ಹಾಗೆ ಮಾತಾಡ್ತೀಯಲ್ಲ, ಹಾಗೆ ಮಾತಾಡು.”

“ಸಾರ್, ಅದು ತಮಾಷೆಗೆ.”

“ಮನೇಲಿರಿ ಅಂತ ಹೇಳಿದ್ದು ಆ ದನಿ. ಏಳಿ ಅಂತ ಅದೇ ಹೇಳ್ಬೇಕು. ನಿನ್ನ ದನೀಲಿ ಹೇಳಿದ್ರೆ ಯಾರಯ್ಯಾ ಏಳ್ತಾರೆ?”

ನಾನು ನಿಮ್ಮಪ್ಪನ ಹತ್ತಿರ ಹೋದೆ. ಅವನಿಗೆ ಎಲ್ಲ ಕೇಳಿಸಿತ್ತು. ನನ್ನ ಅಂಗಿಯ ಗುಂಡಿ ಹಿಡಿದು ಹತ್ತಿರ ಎಳೆದ. ಮಗಳಿಗೆ ಹೇಳು, ಹೆಂಡತಿಗೆ ಹೇಳು ಎನ್ನುತ್ತಾನೆ ಎಂದುಕೊಂಡೆ. ಅವನು ಹೇಳಿದ್ದು ಇಷ್ಟು: “ಉಸಿರು ಕೇಳಿಸಬಾರದು ಕಂಚು. ನಿನ್ನದು ನಾಟಕದ ಉಸಿರು. ನುಂಗು.”

ಇದು ಅವನ ಹಳೆಯ ತಕರಾರು. ಕೊನೆಯ ಬೆಂಚಿನವನಿಗೂ ದನಿ ಮುಟ್ಟಬೇಕಾದರೆ ನಮ್ಮ ಕಂಪನಿಯಲ್ಲಿ ಎದೆ ತುಂಬ ಎಳೆದುಕೊಳ್ಳಲು ಕಲಿಸುತ್ತಿದ್ದರು. ಮೈಕಿನ ಮುಂದೆ ಅದು ಬುಸ್ಸೆನ್ನುತ್ತದೆ. ಹದಿನೆಂಟು ವರ್ಷ ಬೈದರೂ ನನಗೆ ಬಿಡಲಾಗಲಿಲ್ಲ, ಆವತ್ತೂ ಆಗಲಿಲ್ಲ. ದನಿಯನ್ನು ಪೂರಾ ಅವನದು ಮಾಡಿದೆ ಮಗಳೇ. ಅವನ ‘ಳ’, ಅವನ ತಡೆ, ವಾಕ್ಯದ ಕೊನೆಯಲ್ಲಿ ಅವನು ಮೆಲ್ಲಗೆ ಬಾಗಿಲು ಮುಚ್ಚುವ ರೀತಿ. ಉಸಿರು ಮಾತ್ರ ನನ್ನದೇ ಉಳಿಯಿತು. ಹನ್ನೆರಡು ವರ್ಷ ಯಾರಿಗೂ ಕೇಳಿಸದ್ದು ನಿನಗೆ ಕೇಳಿಸಿತು. ಕಿವಿ ಅಪ್ಪನದೇ.

“ಅಮ್ಮನ ಕೈ ಬಿಡಬೇಡ” ಎಂದದ್ದು ನಾನು. ಅವನು ಹೇಳಿಕೊಟ್ಟದ್ದಲ್ಲ. ಅವನಾಗಿದ್ದರೆ ಹೇಳುತ್ತಲೂ ಇರಲಿಲ್ಲ. ಸುದ್ದಿಯೊಳಗೆ ಸ್ವಂತ ಮನೆ ತರಬಾರದೆಂಬುದು ಅವನ ನೇಮ. ನಿಮ್ಮ ಬೀದಿಯ ಹೆಸರು ಓದಿದಾಗ ನಿಮ್ಮಿಬ್ಬರ ಮುಖ ಕಣ್ಣಿಗೆ ಕಟ್ಟಿತು, ಬಾಯಿ ತಪ್ಪಿತು.

ಇಷ್ಟೇ ಆಗಿದ್ದರೆ ಹನ್ನೆರಡು ವರ್ಷದ ಹಿಂದೆಯೇ ಬಂದು ನಿನ್ನ ಕಾಲ ಬಳಿ ಕೂತು ಹೇಳುತ್ತಿದ್ದೆ. ಇನ್ನೂ ಇದೆ.

ಆಂಬುಲೆನ್ಸ್ ಬಂದಿತ್ತು. ಹನ್ನೆರಡು ಇಪ್ಪತ್ತಕ್ಕೆ ಗೇಟಿಗೆ ಬಂತು. ನಮ್ಮ ಗೇಟಿನ ಕಾವಲುಗಾರ ನಿನಗೆ ನೆನಪಿರಬೇಕು. ಸಾಕ್ಷಾತ್ ಯಮ ಬಂದರೂ ಪುಸ್ತಕದಲ್ಲಿ ಸಹಿ ಮಾಡಿಸದೆ ಬಿಡದ ಸಹಿ ತಾತ. ಅವನ ಗೂಡಿನಲ್ಲಿ ಟಿವಿ ಓಡುತ್ತಿತ್ತು. “ಯಾರಿಗೆ ಹುಷಾರಿಲ್ಲ?” ಅಂದ. “ಸುದ್ದಿ ಓದೋರಿಗೆ” ಅಂದ ಡ್ರೈವರ್. ತಾತ ನಕ್ಕನಂತೆ, ಡ್ರೈವರ್ ಆಮೇಲೆ ನನಗೆ ಹೇಳಿದ್ದು. “ಅವರಿಗಾ? ಕೇಳಪ್ಪಾ ಇಲ್ಲಿ, ಹೆಂಗೆ ಓದ್ತಾ ಇದಾರೆ. ಯಾರೋ ನಿಮಗೆ ಆಟ ಆಡಿಸಿದಾರೆ.” ಡ್ರೈವರ್ ತಲೆ ಒಳಗೆ ಹಾಕಿ ಕೇಳಿದ. ಆ ಕ್ಷಣಕ್ಕೆ ಸರಿಯಾಗಿ ನಾನು, ನಿಮ್ಮಪ್ಪನ ದನಿಯಲ್ಲಿ, “ವಾಹನ ಇರುವವರು ಯಾರೇ ಆಗಲಿ, ಸೇತುವೆಯ ಕಡೆ ಬನ್ನಿ, ನಡೆಯಲಾರದವರಿದ್ದಾರೆ” ಎಂದು ಓದುತ್ತಿದ್ದೆ. ಗಾಡಿ ತಿರುಗಿಸಿಕೊಂಡು ಸೇತುವೆಗೆ ಹೋಯಿತು.

ಅವನನ್ನು ಉಳಿಸಲು ಬಂದ ಗಾಡಿಯನ್ನು ಅವನ ದನಿಯೇ ಕಳಿಸಿತು. ಆ ದನಿ ನನ್ನ ಗಂಟಲಲ್ಲಿತ್ತು.

ಹನ್ನೆರಡು ನಲವತ್ತೆಂಟಕ್ಕೆ ಓದು ಮುಗಿಸಿ ಮೇಕಪ್ ಕೋಣೆಗೆ ಓಡಿದೆ. ಎಲ್ಲ ಮುಗಿದಿತ್ತು. ಸಾಹೇಬರು ನನ್ನನ್ನು ಮೂಲೆಗೆ ಕರೆದು, “ಇದು ಇಲ್ಲೇ ಇರಲಿ. ಈ ದನಿ ಸುಳ್ಳು ಅಂತ ಗೊತ್ತಾದ್ರೆ ನಾಳೆ ಯಾವ ದನಿಗೂ ಯಾರೂ ಏಳಲ್ಲ” ಅಂದರು. ಮೈಕಿನ ಮುಂದೆಯೇ ಪ್ರಾಣ ಬಿಟ್ಟ ಎಂಬ ಕತೆ ಮರುದಿನದ ಪತ್ರಿಕೆಯಲ್ಲಿ ಹುಟ್ಟಿತು. ಬಣ್ಣದಕ್ಕ ಮುಂದಿನ ವರ್ಷವೇ ತೀರಿಕೊಂಡಳು. ಸಹಿ ತಾತನಿಗೆ ತಾನು ಮಾಡಿದ್ದೇನೆಂದು ಕೊನೆಯವರೆಗೂ ಗೊತ್ತಾಗಲಿಲ್ಲ; “ಎಂಥಾ ಓದು ಸಾರ್ ಆವತ್ತು” ಎನ್ನುತ್ತಲೇ ಹೋದ. ಸಾಹೇಬರೂ ಈಗಿಲ್ಲ. ಉಳಿದವನು ನಾನು.

ಫೋನ್ ಎತ್ತಿ ಸುಮ್ಮನೆ ಇಟ್ಟದ್ದನ್ನು ನೀನು ಬರೆದಿದ್ದೆ. ನಾಟಕದಲ್ಲಿ ಎಷ್ಟೋ ಬಣ್ಣ ಹಚ್ಚಿದ್ದೇನೆ, ಎಲ್ಲವೂ ಎಣ್ಣೆ ಹಚ್ಚಿ ಒರೆಸಿದರೆ ಹೋಗಿವೆ. ಈ ದನಿ ಹೋಗಲಿಲ್ಲ. ಹಾಲಿನವನ ಹತ್ತಿರ ಬಾಯಿ ತೆರೆದರೆ ನಿಮ್ಮಪ್ಪ ಹಾಲು ಕೇಳುತ್ತಾನೆ. ಕೆಮ್ಮಿದರೆ ಅವನು ಕೆಮ್ಮುತ್ತಾನೆ. ನೀನು ಫೋನಿನಲ್ಲಿ “ಮಾಮ” ಎಂದಾಗ ನಾನು ಉತ್ತರ ಕೊಟ್ಟಿದ್ದರೆ ನಿನಗೆ ಯಾರ ದನಿ ಕೇಳಿಸುತ್ತಿತ್ತು, ಯೋಚಿಸು.

ಉತ್ತರ ಬರೆಯಲೇಬೇಕೆಂದಿಲ್ಲ.

ಕಂಚು


ಸೆಪ್ಟೆಂಬರ್ 3

ಮಾಮ,

ಹೀಗೇ ಕರೆಯಬೇಕೋ ಬೇಡವೋ ಗೊತ್ತಿಲ್ಲ. ಬೇರೆ ಏನೆಂದು ಕರೆಯುವುದೆಂದೂ ಗೊತ್ತಿಲ್ಲ.

ಮೊದಲ ವಾರ ನಿಮ್ಮ ಕಾಗದವನ್ನು ಸುಡಬೇಕು ಎನಿಸಿತು. ಎರಡನೆಯ ವಾರ ಟೇಪನ್ನು. ಆಮೇಲೆ ಒಂದು ಲೆಕ್ಕ ಹಿಡಿದು ಕೂತೆ. ಗಾಡಿ ಗೇಟಿಗೆ ಬಂದದ್ದು ಹನ್ನೆರಡು ಇಪ್ಪತ್ತು. ನಾನೂ ಅಮ್ಮನೂ ಸೇತುವೆ ಹತ್ತಿದ್ದು ಹನ್ನೆರಡು ನಲವತ್ತು. ನೀವು ನಡುವೆ ಓದು ನಿಲ್ಲಿಸಿದ್ದರೆ ಅಪ್ಪ ಉಳಿಯುತ್ತಿದ್ದರು, ದನಿ ನಿಂತಿತೆಂದು ಜನರೂ ನಿಂತು ನಾವು ದಾರಿಯಲ್ಲೇ ನೀರಿಗೆ ಸಿಗುತ್ತಿದ್ದೆವು. ನಿಲ್ಲಿಸದಿದ್ದಕ್ಕೆ ನಾವಿದ್ದೇವೆ. ಎಷ್ಟು ಸಲ ಮಾಡಿದರೂ ಶೇಷ ಉಳಿಯುತ್ತದೆ.

ಕೊನೆಗೆ ಅಮ್ಮನ ಮುಂದೆ ಕಾಗದ ಹಿಡಿದು ಕೂತೆ. ಓದಿ ಹೇಳುತ್ತೇನೆ ಎಂದೆ. ಅವಳು ಮಡಿಸುತ್ತಿದ್ದ ಬಟ್ಟೆ ಬಿಡಲಿಲ್ಲ. “ಆ ಉಸಿರು ನನ್ನದು” ಎಂಬಲ್ಲಿಗೆ ಬಂದಾಗ, “ಗೊತ್ತು” ಅಂದಳು.

“ಏನು ಗೊತ್ತು?”

“ಅವರಲ್ಲ ಅಂತ. ಆವತ್ತೇ ಗೊತ್ತು. ನಾಲ್ಕು ಮಾತಲ್ಲಿ ಅಷ್ಟು ಸಲ ದಯವಿಟ್ಟು ಅಂತಾರಾ ನಿಮ್ಮಪ್ಪ? ಇಪ್ಪತ್ತೆರಡು ವರ್ಷದಲ್ಲಿ ನನಗೆ ಒಂದ್ಸಲ ಅಂದಿಲ್ಲ.”

“ಮತ್ತೆ ಯಾಕೆ ಎದ್ದು ಹೊರಟೆ?”

“ದನಿ ಕದ್ದಿದ್ದು, ಹೆದರಿಕೆ ನಿಜದ್ದು. ಸುಳ್ಳು ಹೇಳೋನು ಅಷ್ಟು ಉಸಿರು ಎಳ್ಕೊಳ್ಳಲ್ಲ ಕಣೆ.”

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಆಗ ಬಟ್ಟೆ ಕೆಳಗಿಟ್ಟಳು. “ಆ ಟೇಪು ದಿಂಬಿನ ಕೆಳಗಿಟ್ಕೊಂಡು ಮಲಗ್ತಿದ್ದೆ ನೀನು. ಏನಂತ ಹೇಳ್ಲಿ? ಕೈ ಹಿಡ್ಕೋ ಅಂದಿದ್ದು ಯಾರಾದ್ರೇನು, ಹಿಡ್ಕೊಂಡಿದ್ದು ನೀನು.” ಸಭೆಗೆ ಯಾಕೆ ಬರುತ್ತಿರಲಿಲ್ಲ ಎಂದು ನಾನು ಕೇಳಲಿಲ್ಲ. ಕತ್ತಲಲ್ಲಿ ಬೇರೆಯವನ ದನಿಗೆ ತಲೆಬಾಗಿ ಕೂರಲು ಅವಳಿಂದ ಆಗುತ್ತಿರಲಿಲ್ಲ.

“ಮುಂದೆ ಓದು” ಅಂದಳು. ಮುಂದೆ ಗೇಟು ಇತ್ತು.

“ಮುಂದೆ ಏನಿಲ್ಲ. ಆಶೀರ್ವಾದ, ಸಹಿ” ಎಂದೆ.

ಎಷ್ಟು ಸಲೀಸಾಗಿ ಬಂತು ಮಾಮ ಆ ಮಾತು. ನೀವು ನನ್ನಿಂದ ಮುಚ್ಚಿಟ್ಟಿರಿ, ಅಮ್ಮ ಮುಚ್ಚಿಟ್ಟಳು, ಈಗ ನಾನು ಅಮ್ಮನಿಂದ. ನಮ್ಮ ಮನೆಯೇ ಒಂದು ಪ್ರಸಾರ ಕೇಂದ್ರವಾಗಿದೆ. ನಡೆದದ್ದೇ ಬೇರೆ, ಕೇಳಿಸುವುದೇ ಬೇರೆ. ರಾತ್ರಿ ಊಟಕ್ಕೆ ಕೂತರೆ ಅಮ್ಮನ ಮುಖ ನೋಡಲಾಗುತ್ತಿಲ್ಲ.

ಆದ್ದರಿಂದ ನೀವು ಬರಬೇಕು. ಹನ್ನೆರಡನೆಯ ಉಪನ್ಯಾಸ ನಿಮ್ಮದೇ. ಗೇಟಿನ ವಿಷಯ ನೀವೇ ಹೇಳಬೇಕು, ಎಲ್ಲರೆದುರು, ಅಮ್ಮನೆದುರು. ಸಮಿತಿಯ ಅಧ್ಯಕ್ಷರಿಗೆ ಟೇಪಿನ ನಿಜ ಹೇಳಿದ್ದೇನೆ. “ಹನ್ನೊಂದು ವರ್ಷದ ಮರ್ಯಾದೆ ಏನಾಗುತ್ತಮ್ಮ?” ಎಂದರು. ನಮ್ಮಪ್ಪ ಮರ್ಯಾದೆಗೆ ಸುದ್ದಿ ಓದುತ್ತಿರಲಿಲ್ಲ ಎಂದೆ. ಒಪ್ಪಿದ್ದಾರೆ. ಅಮ್ಮನೂ ಒಪ್ಪಿದ್ದಾಳೆ, ಮೊದಲ ಸಾಲಿನಲ್ಲಿ ಕೂರುತ್ತಾಳೆ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಓದಿಕೊಳ್ಳಬೇಡಿ. ಹಾಗೇನೂ ಬರೆದಿಲ್ಲ.

ಪುಟ್ಟಿ


ಸೆಪ್ಟೆಂಬರ್ 12

ಪುಟ್ಟಿ,

ಬರುತ್ತೇನೆ.

ಬಾಯಿ ತೆರೆದಾಗ ಯಾವ ದನಿ ಬರುತ್ತದೋ ನನ್ನ ಕೈಯಲ್ಲಿಲ್ಲ. ಅಮ್ಮನಿಗೆ ಮೊದಲೇ ಹೇಳಿರು.

ಕಂಚು


ಅಕ್ಟೋಬರ್ 21

ಮಾಮ,

ಮೊನ್ನೆ ನೀವು ಪಕ್ಕದ ಬಾಗಿಲಿಂದ ಹೊರಟುಹೋದಿರಿ. ಹುಡುಕಿದೆ. ರಸ್ತೆಯವರೆಗೂ ಬಂದೆ. ವೇದಿಕೆಯ ಮೇಲೆ ನಿಮ್ಮ ಕಣ್ಣು ಬಹುಪಾಲು ಕಾಗದದ ಮೇಲಿತ್ತು. ಸಭೆಯಲ್ಲಿ ಏನಾಯಿತೆಂದು ನೀವು ಪೂರ್ತಿ ನೋಡಿರಲಾರಿರಿ. ಅದಕ್ಕೆ ಬರೆಯುತ್ತಿದ್ದೇನೆ.

ಅಮ್ಮನಿಗೆ ಮೊದಲೇ ಹೇಳಿದ್ದೆ. “ಕೇಳಿದ್ದೀನಲ್ಲ ಒಂದ್ಸಲ, ಇನ್ನೊಂದ್ಸಲ ಕೇಳಿದ್ರೆ ಸಾಯಲ್ಲ” ಎಂದಿದ್ದಳು. ಎರಡನೆಯ, ಮೂರನೆಯ ಸಾಲಿನಲ್ಲಿ ಎಂದಿನಂತೆ ತಗ್ಗಿನ ಬೀದಿಯವರು. ಎಲ್ಲರಿಗೂ ವಯಸ್ಸಾಗಿದೆ. ನೀವು ಮೈಕಿನ ಮುಂದೆ ಬಂದು, ಎದೆ ತುಂಬ ಉಸಿರು ಎಳೆದು, “ಎಲ್ಲರಿಗೂ ನಮಸ್ಕಾರ” ಎಂದಿರಿ.

ಹಾಗೆಂದದ್ದು ಅಪ್ಪ.

ಮೊದಲು ಎದ್ದು ನಿಂತವಳು ಅಮ್ಮ. ಗೊತ್ತಿದ್ದವಳು, ಮೊದಲೇ ಹೇಳಿಸಿಕೊಂಡವಳು. ಎದ್ದಾದ ಮೇಲೆ ತಾನೇಕೆ ಎದ್ದೆನೆಂದು ತಿಳಿಯದೆ ಸುತ್ತ ನೋಡಿದಳು. ಅಷ್ಟರಲ್ಲಿ ಹಿಂದಿನ ಸಾಲುಗಳಲ್ಲಿ ಒಬ್ಬೊಬ್ಬರಾಗಿ ಏಳುತ್ತಿದ್ದರು. ಬಟ್ಟೆ ಒಣಹಾಕುತ್ತಿದ್ದ ನಮ್ಮ ಪಕ್ಕದ ಮನೆಯವರು ಕೈಚೀಲ ಎತ್ತಿ ಹೆಗಲಿಗೆ ಹಾಕಿಕೊಂಡರು. ಒಬ್ಬ ಮುದುಕ ಬಗ್ಗಿ ಕುರ್ಚಿಯ ಕೆಳಗೆ ಚಪ್ಪಲಿ ಹುಡುಕುತ್ತಿದ್ದ. ಎಲ್ಲರೂ ಬಾಗಿಲ ಕಡೆ ತಿರುಗಿ, ಯಾವ ದಾರಿ ಎಂದು ಹೇಳುವುದನ್ನು ಕಾಯುತ್ತಿದ್ದರು.

ಆ ಸದ್ದಿಗೆ ನೀವು ಒಮ್ಮೆ ತಲೆ ಎತ್ತಿದಿರಿ. ಆಮೇಲೆ ಅದೇ ದನಿಯಲ್ಲಿ, ಕಾಗದದಲ್ಲಿ ಇಲ್ಲದ್ದನ್ನು ಹೇಳಿದಿರಿ. “ನೀರು ಇಳಿದಿದೆ. ಕೂತುಕೊಳ್ಳಿ.” ಅವರು ಕೂರಲಿಲ್ಲ. “ನೀರು ಇಳಿದಿದೆ. ಇನ್ನು ಭಯವಿಲ್ಲ” ಎಂದು ಎರಡನೆಯ ಸಲ ಹೇಳಿದಾಗ ನನಗೆ ಹೊಳೆಯಿತು: ಏಳಿ ಎಂದ ದನಿ ಅವರಿಗೆ ವಾಪಸು ಬನ್ನಿ ಎಂದು ಹೇಳಲೇ ಇಲ್ಲ. ಅದನ್ನು ಮರುದಿನ ಯಾರೋ ಬೇರೆಯವರು ಓದಿದ್ದರು. ಹನ್ನೆರಡು ವರ್ಷದಿಂದ ಇವರೆಲ್ಲ ಅರ್ಧ ಎದ್ದೇ ಬದುಕಿದ್ದರು ಎನಿಸಿತು. ಮೂರನೆಯ ಸಲಕ್ಕೆ ಒಬ್ಬೊಬ್ಬರಾಗಿ ಕೂತರು. ಚಪ್ಪಲಿಯ ಮುದುಕ ಎಲ್ಲರಿಗಿಂತ ಕೊನೆಗೆ.

ಗೇಟಿನ ವಿಷಯ ಶುರುಮಾಡಿದ ಮೇಲೆ ನಿಮ್ಮ ದನಿ ಒಡೆಯಿತು. “ಗಾಡಿ ಬಂದಿತ್ತು” ಎಂಬ ಮಾತು ಅಪ್ಪನ ದನಿಯಲ್ಲಿ ಹೊರಟು ಇನ್ನಾರದೋ ದನಿಯಲ್ಲಿ ಮುಗಿಯಿತು. ತೆಳ್ಳಗಿನ, ಗೊರಗೊರ, ಮುದಿ ದನಿ. ಕಂಚಿಲ್ಲ, ಏನೂ ಇಲ್ಲ. ಹಿಂದಿನ ಸಾಲಿಗೆ ಕೇಳಿಸಲೇ ಇಲ್ಲವಂತೆ. ಕೊನೆಯವರೆಗೂ ಅದರಲ್ಲೇ ಹೇಳಿದಿರಿ.

ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಮ್ಮ ಕೂತಲ್ಲಿಂದಲೇ, ಪಕ್ಕದ ಮನೆಯವರೊಡನೆ ಮಾತಾಡುವ ಹಾಗೆ ಕೇಳಿದಳು: “ತುಂಬಾ ನೋವಾಯ್ತಾ ಅವರಿಗೆ?”

“ಬಣ್ಣದಕ್ಕ ಹೇಳಿದ್ದು... ಕೊನೆಗೆ ಒಂದ್ಸಲ ನಕ್ಕರಂತೆ” ಎಂದಿರಿ. ಇದನ್ನು ನೀವು ನನಗೂ ಬರೆದಿರಲಿಲ್ಲ.

“ಯಾವಾಗ?”

“ಮೇಕಪ್ ಕೋಣೇಲಿ ಸ್ಪೀಕರ್ ಇತ್ತು. ನಾನು ಮಗಳೇ ಅಂದಾಗ.”

ಅಮ್ಮ ತಲೆಯಾಡಿಸಿದಳು. “ನಕ್ಕಿರ್ತಾರೆ. ಸುದ್ದಿಯೊಳಗೆ ಮನೆ ತಂದ ಅಂತ ನಿನ್ನನ್ನ ಬೈಯೋಕೆ ಸಿಕ್ತಲ್ಲ.” ಅಷ್ಟು ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹನ್ನೆರಡು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನೀವು ಪಕ್ಕದ ಬಾಗಿಲಿಗೆ ಹೋದದ್ದು ಆಗಲೇ ಇರಬೇಕು.

ಮನೆಗೆ ಬಂದ ಮೇಲೆ, ಮುಂದಿನ ಭಾನುವಾರ ನಿಮಗೆ ಬರಹೇಳು ಎಂದಿದ್ದಾಳೆ. ಹೇಳಿದ್ದೇನೆ. ಬರುವುದು ಬಿಡುವುದು ನಿಮ್ಮದು. ಗೇಟಿನ ವಿಷಯ ನನ್ನಲ್ಲಿ ಇನ್ನೂ ಎಲ್ಲೂ ಇಳಿದಿಲ್ಲ. ನೀವು ಬಂದರೆ ನಾನು ಹೇಗಿರುತ್ತೇನೋ ನನಗೇ ಗೊತ್ತಿಲ್ಲ.

ನೀವು ತಿಳಿಯಬೇಕಾದದ್ದು ಇನ್ನೊಂದಿದೆ. ಸಭೆಗೆ ಮುಂಚೆ ಧ್ವನಿವರ್ಧಕದವನು, “ಮುದ್ರಿಸಿಕೊಳ್ಳಲಾ ಮೇಡಂ?” ಎಂದು ಕೇಳಿದ್ದ. ಅಪ್ಪನ ದನಿ ಈ ಲೋಕದಲ್ಲಿ ಉಳಿದಿದ್ದರೆ ಅದು ನಿಮ್ಮ ಗಂಟಲಲ್ಲಿ ಮಾತ್ರ ಎಂದು ನನಗೆ ಗೊತ್ತಿತ್ತು. ನೀವು ಬಾಯಿ ತೆರೆದಾಗ ಗುಂಡಿ ನನ್ನ ಬೆರಳಿನ ಕೆಳಗೇ ಇತ್ತು. ಒತ್ತಲಿಲ್ಲ. ಎಷ್ಟೋ ವರ್ಷದಿಂದ ಹಿಡಿದಿಟ್ಟದ್ದು ಸಾಕು, ಹೋಗಲಿ ಎನಿಸಿತು. ನಿಮ್ಮ ದನಿ ಒಡೆದಾಗ ಗೋಡೆಯ ಗಡಿಯಾರ ನೋಡಿದೆ. ಆರು ಮುಕ್ಕಾಲು. ಅಪ್ಪ ಸತ್ತದ್ದು ಆಗ ಎಂದು ನನಗೆ ನಾನೇ ಹೇಳಿಕೊಂಡೆ.

ಈ ಬೆಳಗ್ಗೆ ಆಸ್ಪತ್ರೆಯಲ್ಲಿ ಮೊದಲ ರೋಗಿ ಬರುವ ಮುಂಚೆ, ಸದ್ದು ಹೊಗದ ಆ ಪುಟ್ಟ ಕೋಣೆಯಲ್ಲಿ ನಾನೇ ರೋಗಿಯ ಕುರ್ಚಿಯಲ್ಲಿ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ. ಬಂದವರಿಗೆ ನಾವು ಹೇಳುವುದು ಒಂದೇ ಮಾತು: ಎಷ್ಟೇ ಸಣ್ಣದಿರಲಿ, ಏನಾದರೂ ಕೇಳಿಸಿದರೆ ಕೈ ಎತ್ತಿ. ಯಂತ್ರ ಹಾಕಿರಲಿಲ್ಲ. ಯಾವ ಸದ್ದೂ ಇರಲಿಲ್ಲ. ಕಣ್ಣು ಮುಚ್ಚಿ ಕೂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಬಿಟ್ಟು ನೋಡುತ್ತೇನೆ, ನನ್ನ ಕೈ ಮೇಲಿತ್ತು.

ನಿಮ್ಮ,
ಪುಟ್ಟಿ